ಬಿಚ್ಚದ ಬೋಲ್ಟಿಗೆ ಸೀಮೆಎಣ್ಣೆ

ಬೈಕಿಗೆ ಹೊಸ ಹ್ಯಾಂಡಲ್ ಹಾಕುವುದು ಬಹಳ ಸುಲಭ. ಕಷ್ಟ ಇರುವುದೆಲ್ಲ ಹಳೆಯದನ್ನು ಬಿಚ್ಚುವುದರಲ್ಲಿ. ವಿಡಿಯೊ ಮಾಡುವವರು ಹತ್ತು ನಿಮಿಷದಲ್ಲಿ ಬಿಚ್ಚಿ, ಹಾಕಿ, ಕೈ ಒರೆಸಿಕೊಂಡು ನಗುತ್ತಾರೆ. ಅವರ ಬೋಲ್ಟುಗಳನ್ನು ಹಿಂದಿನ ದಿನವೇ ಯಾರೋ ಸಡಿಲ ಮಾಡಿಟ್ಟಿರುತ್ತಾರೆ ಅಂತ ನನ್ನ ಗುಮಾನಿ. ಸಾಕ್ಷಿ ಇಲ್ಲ. ಆದರೆ ಬೋಲ್ಟೊಂದು ಅಷ್ಟು ಮರ್ಯಾದೆಯಿಂದ ಬಿಚ್ಚಿಕೊಂಡಿದ್ದನ್ನು ದಾವಣಗೆರೆಯಲ್ಲಿ ನಾನಂತೂ ನೋಡಿಲ್ಲ.

ಹೊಸ ಹ್ಯಾಂಡಲ್ ಬೇಕಾಗಿದ್ದು ಶೋಕಿಗಲ್ಲ. ದಿನಾ ಹರಿಹರಕ್ಕೆ ಹೋಗಿ ಬರುವ ಕೆಲಸ ನನ್ನದು. 14 ಕಿಲೋಮೀಟರ್ ಅಷ್ಟೇ, ಆದರೆ ಹಳೇ ಹ್ಯಾಂಡಲ್ ತಗ್ಗು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತಿತ್ತು. "ಬೈಕ್ ಮಾರಿ ಬಸ್ಸಿಗೆ ಹೋಗ್ರಿ" ಅಂದಳು ಮನೆಯವಳು. ನಾನು ಸ್ವಲ್ಪ ಎತ್ತರದ, ಸ್ವಲ್ಪ ಅಗಲದ ಹ್ಯಾಂಡಲ್ ತರಿಸಿದೆ. ಹಿಡಿಯ ಹತ್ತಿರ ಪೈಪು 22 ಮಿಲಿಮೀಟರ್ ದಪ್ಪ. ನಮ್ಮಲ್ಲಿ ಓಡಾಡುವ ಬಹಳಷ್ಟು ಬೈಕುಗಳಿಗೆ ಇದೇ ಅಳತೆ, ಹಾಗಾಗಿ ಕೂರುತ್ತೋ ಇಲ್ಲವೋ ಅನ್ನುವ ಚಿಂತೆ ಇರಲಿಲ್ಲ. ಮೆಕ್ಯಾನಿಕ್ ಹತ್ತಿರ ಕೊಟ್ಟಿದ್ದರೆ ಆಗುತ್ತಿತ್ತು ಅಂತ ನೀವು ಹೇಳಬಹುದು. ಭಾನುವಾರ ಬೆಳಿಗ್ಗೆ ಎರಡು ಬೆಣ್ಣೆ ದೋಸೆ ತಿಂದು ಬಂದ ಮನುಷ್ಯನ ಮುಂದೆ ಆ ಮಾತು ಹೇಳಿ ನೋಡಿ.

ಮೊದಲ ಸರದಿ ಕನ್ನಡಿಗಳದ್ದು. ಎಡಗಡೆಯದು ತೊಂದರೆ ಕೊಡದೆ ಬಂತು. ಸಹಾಯಕ್ಕೆ ಅಂತ ಬಂದಿದ್ದ ನನ್ನ ಭಾವಮೈದ ಬಲಗಡೆಗೆ ಪಾನಾ ಹಾಕಿ, ಕಾಲು ಊರಿ, ಮುಖ ಕೆಂಪು ಮಾಡಿಕೊಂಡು ಎಳೆಯುತ್ತಿದ್ದ.

"ಭಾವ, ಇದು ಜಾಮ್ ಆಗೇತಿ."

"ಉಲ್ಟಾ ತಿರುಗಿಸೋ."

"ಉಲ್ಟಾನೇ ತಿರುಗಿಸ್ತಾ ಇದೀನಿ."

"ಅದರ ಉಲ್ಟಾ!"

ಯಮಹಾ ಬೈಕುಗಳನ್ನು ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ಬಲಗಡೆ ಕನ್ನಡಿಗೆ ಥ್ರೆಡ್ಡು ಎಡಕ್ಕೆ ಇರುತ್ತದೆ. ಅದಕ್ಕೊಂದು ಕಾರಣವೂ ಇದೆ. ಮುಂದಿನಿಂದ ಏನಾದರೂ ಬಡಿದರೆ ಬಲಗಡೆ ಕನ್ನಡಿ ಹಿಂದಕ್ಕೆ ಸರಿಯುತ್ತದೆ. ಮಾಮೂಲಿ ಥ್ರೆಡ್ಡಾದರೆ ಆ ಏಟಿಗೆ ಇನ್ನೂ ಬಿಗಿಯಾಗಿ, ಬುಡದಲ್ಲೇ ಸೀಳು ಬಿಡಬಹುದು. ಎಡ ಥ್ರೆಡ್ಡಾದರೆ ಸಡಿಲವಾಗಿ ತಿರುಗಿಕೊಳ್ಳುತ್ತದೆ. ಸೈಕಲ್ಲಿನ ಎಡ ಪೆಡಲಿಗೂ ಹೀಗೇ ಉಲ್ಟಾ ಥ್ರೆಡ್ಡು, ಸೈಕಲ್ ಶಾಪಿನ ಹುಡುಗರಿಗೆಲ್ಲ ಗೊತ್ತು. ನನ್ನ ಭಾವಮೈದ ಬಿ.ಇ. ಮಾಡಿದವನು, ಅವನಿಗೆ ಗೊತ್ತಿರಲಿಲ್ಲ. ಅಷ್ಟೊತ್ತು ಅವನು ಕನ್ನಡಿಯನ್ನು ಬಿಗಿ ಮಾಡಿದ್ದ, ಚೆನ್ನಾಗಿಯೇ ಬಿಗಿ ಮಾಡಿದ್ದ.

ಆಮೇಲೆ ಹ್ಯಾಂಡಲ್ ತುದಿಯ ಗುಂಡುಗಳು. ಇಂಜಿನ್ನಿನ ನಡುಕ ಕೈಗೆ ಬರದಿರಲಿ ಅಂತ ಎರಡೂ ತುದಿಗೆ ತೂಕದ ಗುಂಡು ಇಟ್ಟಿರುತ್ತಾರೆ. ಅದರ ನಡುವೆ ಒಂದು ಸ್ಕ್ರೂ. ಅಲ್ಲಾಡಿ ಅಲ್ಲಾಡಿ ಬಿಚ್ಚಿಕೊಳ್ಳಬಾರದು ಅಂತ ಅದಕ್ಕೆ ಥ್ರೆಡ್ ಲಾಕರ್ ಅನ್ನುವ ಅಂಟು ಹಾಕಿರುತ್ತಾರೆ. ಈ ಅಂಟಿನಲ್ಲಿ ನೀಲಿಯದು ಸಭ್ಯಸ್ಥ, ಕೈಬಲಕ್ಕೇ ಬಗ್ಗುತ್ತದೆ. ಕೆಂಪಿನದು ಹಾಗಲ್ಲ. ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ತೋರಿಸುವ ತನಕ ಜಗ್ಗುವುದಿಲ್ಲ. ನನ್ನ ಬೈಕಿಗೆ ಹಿಂದೆ ಯಾರೋ ಪುಣ್ಯಾತ್ಮರು ಕೆಂಪು ಸುರಿದಿದ್ದರು. ಎಷ್ಟು ಸುರಿದಿದ್ದರು ಅಂದರೆ ಸ್ಕ್ರೂ ತಿರುಗಿಸಿದರೆ ಗುಂಡೂ ಜೊತೆಗೆ ತಿರುಗುತ್ತಿತ್ತು. ಗುಂಡು ಹಿಡಿದರೆ ಸ್ಕ್ರೂ ಅಲ್ಲಾಡುತ್ತಿರಲಿಲ್ಲ. ಎರಡೂ ಗಂಡ ಹೆಂಡತಿಯ ಹಾಗೆ ಹೊರಗಿನವರ ಮುಂದೆ ಒಂದಾಗಿಬಿಟ್ಟಿದ್ದವು.

ಅಷ್ಟು ಹೊತ್ತಿಗೆ ಬೀದಿಯಲ್ಲಿ ಸಭೆ ಸೇರಿತ್ತು. ಊರಿಗೆ ಭಾನುವಾರ ಬೇರೆ ಏನು ಕೆಲಸ? ಹಾಲಿನವನು ನಿಂತ. ಎದುರುಮನೆಯವರು ಮಂಡಕ್ಕಿ ಒಗ್ಗರಣೆ ತಟ್ಟೆ ಹಿಡಿದುಕೊಂಡೇ ಬಂದರು. ಶಾಮಿಯಾನಾ ಹಾಕುವವನೊಬ್ಬ "ವೆಲ್ಡಿಂಗ್ ಹೊಡೆಸಿಬಿಡ್ರಿ" ಅಂದು ಮುಂದೆ ಹೋದ. ಯಾವುದನ್ನು ಯಾವುದಕ್ಕೆ ಅಂತ ಹೇಳಲಿಲ್ಲ. ಭಾವಮೈದ ಮಂಡಿಪೇಟೆ ಕಡೆ ಹೋಗಿ ತುಕ್ಕು ಬಿಡಿಸುವ ಸ್ಪ್ರೇ, ಡಬ್ಲ್ಯುಡಿ-40 ಡಬ್ಬಿ ತಂದ, ಎಲ್ಲ ಬೋಲ್ಟಿಗೂ ಒಂದೊಂದು ಸಲ ಹೊಡೆದ. ಎಲ್ಲವೂ ಫಳಫಳ ಹೊಳೆದವು. ಒಂದೂ ಬಿಚ್ಚಲಿಲ್ಲ.

ಪಕ್ಕದ ಮನೆ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಎದ್ದು ಬಂದಿದ್ದು ಆಗ. ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲುಗಳು ಮುಚ್ಚಿದವು, ಫಿಟ್ಟರುಗಳು ಅವರವರ ಮನೆ ಕಟ್ಟೆ ಮೇಲೆ ಉಳಿದರು. ಅಜ್ಜ ಅವರಲ್ಲೊಬ್ಬರು.

"ಬೆಳಿಗ್ಗೆಯಿಂದ ನೋಡ್ತಾ ಇದೀನಿ ತಮ್ಮಾ, ಬರೀ ಬೈತಾ ಇದೀಯ. ಬೋಲ್ಟಿಗೆ ಕಿವಿ ಐತಾ?"

ನಾನು ಡಬ್ಬಿ ತೋರಿಸಿದೆ. ಅದನ್ನು 1953ರಲ್ಲಿ ಅಮೆರಿಕದಲ್ಲಿ ತಯಾರು ಮಾಡಿದ್ದು, ನಲವತ್ತನೇ ಸಲಕ್ಕೆ ಸರಿಯಾದ ಮಿಶ್ರಣ ಸಿಕ್ಕಿದ್ದಕ್ಕೆ ಹೆಸರಲ್ಲಿ ನಲವತ್ತು ಇದೆ ಅಂತ ಭಾವಮೈದ ಫೋನು ನೋಡಿ ಓದಿದ.

"ಅವನು ನಲವತ್ತು ಸಲ ಮಾಡ್ಯಾನ. ನೀವು ಇಷ್ಟಕ್ಕೇ ಸುಸ್ತಾದ್ರಾ?" ಅಂದರು ಅಜ್ಜ. ಒಳಗೆ ಹೋಗಿ ಒಂದು ಹಳೇ ಬಾಟಲಿ ತಂದರು. ರೇಷನ್ ಸೀಮೆಎಣ್ಣೆ! ಈಗೆಲ್ಲ ಕಣ್ಣಿಗೂ ಬೀಳದ ವಸ್ತು. ಅಜ್ಜ ಅದನ್ನು ಯಾವ ಕಾಲದಿಂದ ಕಾಪಾಡಿಕೊಂಡು ಬಂದಿದ್ದರೋ. ಹಕ್ಕಿ ಗರಿಯೊಂದನ್ನು ಅದ್ದಿ ಅದ್ದಿ, ಹ್ಯಾಂಡಲನ್ನು ಬೈಕಿಗೆ ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಬೋಲ್ಟುಗಳ ಸುತ್ತ ಬಿಟ್ಟರು. "ಇದು ಇಳೀಲಿ. ಅಲ್ಲೀ ತನ ಬೇರೆ ನೋಡೋಣ."

ಗುಂಡುಗಳಿಗೆ ಅಜ್ಜ ಬೆಂಕಿ ತೋರಿಸಲು ಬಿಡಲಿಲ್ಲ, ಒಂದು ಮೊಳ ಆಚೆ ಪೆಟ್ರೋಲ್ ಟ್ಯಾಂಕು ಇದೆಯಲ್ಲ. ದಪ್ಪ ಸೋಲ್ಡರಿಂಗ್ ಐರನ್ ಕಾಯಿಸಿ ಸ್ಕ್ರೂ ತಲೆಗೇ ಒತ್ತಿ ಹಿಡಿದರು. ಬಿಸಿ ಸ್ಕ್ರೂ ಮೂಲಕ ಒಳಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಆಮೇಲೆ 'ಕಿರ್' ಅಂತ ಸದ್ದು. ಬಂತು! ನಾನು ಚಪ್ಪಾಳೆ ತಟ್ಟಿದೆ. ಅಜ್ಜ ನನ್ನ ಕಡೆ ನೋಡಲೂ ಇಲ್ಲ, ಇನ್ನೊಂದು ತುದಿಗೆ ಹೋದರು.

ಇನ್ನು ಸ್ವಿಚ್ಚುಗಳ ಡಬ್ಬಿಯ ಸ್ಕ್ರೂಗಳು. ತಲೆಯ ಮೇಲೆ ಪ್ಲಸ್ ಗುರುತು, ಮೆತ್ತನೆ ಲೋಹ. ನೋಡಿದರೆ ಪಾಪ ಅನ್ನಿಸುತ್ತದೆ, ಆದರೆ ಎಲ್ಲಕ್ಕಿಂತ ಖದೀಮರು ಇವೇ. ಪ್ಲಸ್ಸುಗಳಲ್ಲೂ ಜಾತಿ ಇದೆ ಅಂತ ನನಗೆ ಗೊತ್ತಿತ್ತು. ನಮ್ಮೆಲ್ಲರ ಮನೆಯಲ್ಲಿರುವುದು ಫಿಲಿಪ್ಸ್ ಸ್ಕ್ರೂಡ್ರೈವರ್, ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದದ್ದು. ಅದರ ಮೊನೆಯ ಇಳಿಜಾರು ಹೇಗಿದೆ ಅಂದರೆ ಜೋರು ಹಾಕಿದಷ್ಟೂ ಮೇಲಕ್ಕೆ ಜಾರುತ್ತದೆ. ಜಪಾನಿ ಬೈಕುಗಳ ಸ್ಕ್ರೂ ಮಾತ್ರ ಜೆಐಎಸ್ ಅನ್ನುವ ಬೇರೆ ಅಳತೆಯದು. ಎಷ್ಟೋ ಸಲ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ, ಅದೇ ಗುರುತು. ಅದಕ್ಕೆ ಫಿಲಿಪ್ಸ್ ಹಾಕಿದರೆ ತಳ ಮುಟ್ಟುವುದೇ ಇಲ್ಲ. ಒಂದು ತಿರುವಿಗೆ ಪ್ಲಸ್ ಹೋಗಿ ಸೊನ್ನೆ ಆಗುತ್ತದೆ.

ಇಷ್ಟನ್ನೆಲ್ಲ ನಾನು ವಿವರಿಸಿ ಮುಗಿಸುವಷ್ಟರಲ್ಲಿ ಎದುರುಮನೆಯವರು ತಮ್ಮ ಮನೆಯ ಸ್ಕ್ರೂಡ್ರೈವರ್ ತಂದು ಒಂದನ್ನು ಸೊನ್ನೆ ಮಾಡಿದ್ದರು. "ಮೊದಲೇ ಹಂಗಿತ್ತು" ಅಂದರು. ಸಹಾಯಕ್ಕೆ ಬಂದವರನ್ನು ಏನು ಅನ್ನುವುದು? ಸವೆದ ತಲೆಯ ಮೇಲೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಿ ಅಂತ ಫೋನಿನಲ್ಲಿ ಬರುತ್ತದೆ. ಇಟ್ಟು ನೋಡಿದೆವು, ರಬ್ಬರ್ ಬ್ಯಾಂಡ್ ಹರಿಯಿತು. ಅದನ್ನು ಹೇಳಿಕೊಟ್ಟವರು ಸ್ಕ್ರೂ ಅನ್ನು ದೂರದಿಂದ ನೋಡಿರಬೇಕು. ಅಜ್ಜ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಚೂರು ಹಚ್ಚಿ, ಸ್ಕ್ರೂಡ್ರೈವರಿನ ಹಿಂಬದಿಗೆ ಸುತ್ತಿಗೆಯಿಂದ ನಾಜೂಕಾಗಿ ತಟ್ಟಿ, ಇಡೀ ಮೈಭಾರ ಹಾಕಿ ತಿರುಗಿಸಿದರು. ಪೇಸ್ಟಿನಲ್ಲಿರುವ ಮರಳಿನಂಥ ಪುಡಿ ಕಚ್ಚಿ ಹಿಡಿಯುತ್ತದಂತೆ. ಹಿಡಿಯಿತು.

ಹಿಡಿಗಳ ರಬ್ಬರನ್ನು ಬ್ಲೇಡಿನಿಂದ ಕೊಯ್ದು ಎಸೆದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಕೊನೆಗೆ ಕ್ಲ್ಯಾಂಪಿನ ನಾಲ್ಕು ಬೋಲ್ಟು. 8 ಮಿಲಿಮೀಟರಿನ ಬೋಲ್ಟು, 6 ಮಿಲಿಮೀಟರಿನ ಅಲೆನ್ ಕೀ. ಕೀ ಹಾಕಿದರೆ ಮೇಲೆಮೇಲೆಯೇ ಕೂರುತ್ತಿತ್ತು. ಭಾವಮೈದ ಅಷ್ಟಕ್ಕೇ ತಿರುಗಿಸಲು ಹೊರಟ. ಅಜ್ಜ ಅವನ ಕೈಗೆ ಪಟ್ ಅಂತ ಒಂದು ಕೊಟ್ಟರು. "ಹೋಗಿ ಒಂದು ಪಿನ್ನು ತಗಂಬಾ."

ಮನೆಯವಳ ಸೀರೆ ಪಿನ್ನು ಬಂತು. ಬೋಲ್ಟಿನ ಆರು ಮೂಲೆಯ ಗುಳಿಯೊಳಗೆ ಪಿನ್ನು ಆಡಿಸಿದರೆ ಮೊದಲು ಕಪ್ಪು ಗ್ರೀಸು ಬಂತು. ಆಮೇಲೆ ಹೈವೇ ಧೂಳು ಮಳೆಯಲ್ಲಿ ನೆನೆದು ಒಣಗಿ ಆದ ಕೆಂಪು ಹೆಂಟೆ, ಕಲ್ಲಿನಷ್ಟು ಗಟ್ಟಿ. ಅದರ ಕೆಳಗೆ ತುಕ್ಕಿನ ಪುಡಿ. ಕೆರೆದಷ್ಟೂ ಬರುತ್ತಿತ್ತು. ಅಜ್ಜ ಊದಿದರು, ನಾನು ಕಣ್ಣುಜ್ಜಿಕೊಂಡೆ. ಕೊನೆಗೆ ತಳದಲ್ಲಿ ಬೆಳ್ಳಗೆ ಲೋಹ ಕಂಡಿತು. ಈಗ ಕೀ ಇಟ್ಟು ಸುತ್ತಿಗೆಯಿಂದ ಒಂದು ತಟ್ಟಿದರು. ಟಕ್! ತಳದವರೆಗೂ ಇಳಿಯಿತು. ಆಮೇಲೆ ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕ್ಲ್ಯಾಂಪಿಗೆ ಸುತ್ತಿದರು. ಕ್ಲ್ಯಾಂಪು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸ್ವಲ್ಪ ಸಡಿಲುತ್ತದೆ.

ಬಿಚ್ಚುವ ಬದಲು ಅಜ್ಜ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ತುಕ್ಕು ಕಡಿದ ಸದ್ದು ಬಂತು. ಆಮೇಲೆ ಹಿಂದಕ್ಕೆ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ನಾಲ್ಕೂ ಬಂದವು. ಕಳಚಿದ ಬೋಲ್ಟು, ವಾಷರುಗಳನ್ನು ಕಳೆಯದಿರಲಿ ಅಂತ ಒಂದು ತಟ್ಟೆಯಲ್ಲಿ ಇಡುತ್ತಿದ್ದೆ. ಅದು ಎದುರುಮನೆಯವರ ತಟ್ಟೆ ಅಂತ ಗೊತ್ತಾಗಿದ್ದು, ಅವರು ಮಂಡಕ್ಕಿಯಲ್ಲಿ ಶೇಂಗಾ ಅಂದುಕೊಂಡು ವಾಷರ್ ಕಚ್ಚಿದಾಗ. ನನ್ನ ಸ್ಕ್ರೂ ತಲೆಗೂ ಅವರ ಹಲ್ಲಿಗೂ ಲೆಕ್ಕ ಚುಕ್ತಾ.

ಹೊಸದನ್ನು ಹಾಕುವುದು ನಿಜವಾಗಿಯೂ ಹತ್ತೇ ನಿಮಿಷದ ಕೆಲಸ, ವಿಡಿಯೊದವರು ಆ ಮಟ್ಟಿಗೆ ಸುಳ್ಳು ಹೇಳುವುದಿಲ್ಲ. ಸ್ವಿಚ್ ಡಬ್ಬಿಯ ಒಳಗಿನ ಮೊಳೆಗೆ ಹೊಸ ಪೈಪಿನಲ್ಲಿ ಒಂದು ತೂತು ಕೊರೆಯಬೇಕಾಯಿತು. ಬೋಲ್ಟುಗಳನ್ನು ಹೊಸವೇ ಹಾಕಿ, ಥ್ರೆಡ್ಡಿಗೆ ಗ್ರೀಸ್ ಸವರಿದೆವು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ಲು, ಬ್ರೇಕಿನ ಪೈಪು ಎಳೆಯುತ್ತಿಲ್ಲ ಅಂತ ನೋಡಿಕೊಂಡೆವು. ಸಂಜೆ ಪಕ್ಕದ ಬಾತಿ ಊರಿನವರೆಗೆ ಒಂದು ಸುತ್ತು ಹೊಡೆದು ಬಂದೆ. ಬೆನ್ನು ನೆಟ್ಟಗೆ, ಎದೆ ಸೆಟೆದು. ಬೀದಿಯ ಕೊನೆಯಲ್ಲಿ ಮಕ್ಕಳು ದಾರಿ ಬಿಟ್ಟರು.

ಬಂದು ಬೈಕನ್ನು ಒಳಗೆ ನಿಲ್ಲಿಸಲು ಹೋದೆ. ನಮ್ಮ ಮನೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ ಅದರ ಜಾಗ. ಸಂದಿಯ ಬಾಯಿಗೆ ಸಣ್ಣದೊಂದು ಕಬ್ಬಿಣದ ಗೇಟು. ಹಳೇ ಹ್ಯಾಂಡಲಿಗೆ ಎರಡೂ ಕಡೆ ಎರಡೆರಡು ಬೆರಳು ಜಾಗ ಉಳಿಯುತ್ತಿತ್ತು. ಹೊಸ ಹ್ಯಾಂಡಲ್ ಎರಡೂ ಕಂಬಕ್ಕೆ ತಾಗಿ ನಿಂತಿತು. ಓರೆ ಮಾಡಿದೆ, ಹಿಂದು ಮುಂದು ಮಾಡಿದೆ, ಮನೆ ಕಟ್ಟಿದ ಮೇಸ್ತ್ರಿಯನ್ನು ನೆನೆಸಿಕೊಂಡೆ. ಗೇಟು ತೆಗೆದುಬಿಟ್ಟರೆ ಹೋಗುತ್ತದೆ ಅಂತ ಮನೆಯವಳು ಬಾಗಿಲಲ್ಲಿ ನಿಂತು ಹೇಳಿದಳು. ಅವಳು ಹೇಳಿದ್ದು ಸರಿ.

ಗೇಟಿನ ಹಿಂಜಿಗೆ ನಾಲ್ಕು ಬೋಲ್ಟು. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ತಲೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಬೈಕು ಸದ್ಯಕ್ಕೆ ರಸ್ತೆಯಲ್ಲಿ ನಿಂತಿದೆ. ಅಜ್ಜನ ಸೀಮೆಎಣ್ಣೆ ಬಾಟಲಿ ಖಾಲಿಯಾಗಿದೆ. ಭಾವಮೈದ ಶುಕ್ರವಾರವೇ ಫೋನ್ ಮಾಡಿ, ಈ ಭಾನುವಾರ ತನಗೆ ಚಿತ್ರದುರ್ಗದಲ್ಲಿ ಯಾರದೋ ಮದುವೆ ಇದೆ ಅಂತ ಹೇಳಿದ್ದಾನೆ.