ಮೂರು ಸಲ ಹೇಳಿದರೂ ಅದೇ ಸಿಗರೇಟು

ಬೋಸ್ನಿಯಾದ ಸಿಗರೇಟು ಪ್ಯಾಕು ಕೈಗೆ ಸಿಕ್ಕರೆ ಸೇದಬೇಡಿ, ಸುಮ್ನೆ ಓದಿ. ‘ಧೂಮಪಾನ ಕೊಲ್ಲುತ್ತದೆ’ ಅಂತ ಮೂರು ಸಲ ಅಚ್ಚು ಹಾಕಿರುತ್ತಾರೆ. ಒಂದು ಬೋಸ್ನಿಯನ್ ಭಾಷೆಯಲ್ಲಿ, ಒಂದು ಕ್ರೊಯೇಷಿಯನ್ ಭಾಷೆಯಲ್ಲಿ, ಒಂದು ಸರ್ಬಿಯನ್ ಭಾಷೆಯಲ್ಲಿ. ಮೊದಲ ಎರಡು ಸಾಲು ಅಕ್ಷರಕ್ಕೆ ಅಕ್ಷರ ಒಂದೇ. ಮೂರನೆಯದೂ ಅದೇ ಮಾತು, ಲಿಪಿ ಮಾತ್ರ ಸಿರಿಲಿಕ್, ರಷ್ಯನ್ನರು ಬರೆಯುವ ಥರದ್ದು. ಶ್ವಾಸಕೋಶಕ್ಕೂ ಜನಾಂಗ ಇರುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆ ಪ್ಯಾಕಿನಿಂದ.

ಇದೆಲ್ಲ ಶುರುವಾಗಿದ್ದು ಪ್ರಜಾಪ್ರಭುತ್ವದ ಸಂಭ್ರಮದಿಂದ. ಬೋಸ್ನಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದಲ್ಲಿ ಒಂದೇ ಪಕ್ಷದ ಆಳ್ವಿಕೆ ಕುಸಿದಾಗ, 1990ರ ನವೆಂಬರಿನಲ್ಲಿ ಬೋಸ್ನಿಯಾದ ಜನ ಮೊದಲ ಬಾರಿಗೆ ಬಹುಪಕ್ಷ ಚುನಾವಣೆಯಲ್ಲಿ ಓಟು ಹಾಕಿದರು. ಬೋಸ್ನಿಯಾದ ಮುಸ್ಲಿಮರಿಗೊಂದು ಪಕ್ಷ, ಸರ್ಬರಿಗೊಂದು, ಕ್ರೊಯಾಟರಿಗೊಂದು. ಕಮ್ಯುನಿಸ್ಟರನ್ನು ಇಳಿಸುವ ತನಕ ಮೂರಕ್ಕೂ ಭಾರೀ ದೋಸ್ತಿ. ಫಲಿತಾಂಶ ನೋಡಿದರೆ ಹೆಚ್ಚೂಕಡಿಮೆ ಜನಗಣತಿಯ ಪಟ್ಟಿ! ‘ನಿನಗೇನು ಬೇಕು’ ಅಂತ ಕೇಳಬೇಕಿದ್ದ ಮತಪತ್ರ ‘ನೀನು ಯಾರ ಪೈಕಿ’ ಅಂತ ಕೇಳಿ ಸುಮ್ಮನಾಯಿತು. 1992ರಲ್ಲಿ ಯುದ್ಧ. ಮೂರೂವರೆ ವರ್ಷದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಸಾಮೂಹಿಕ ಹತ್ಯೆ ನಡೆದ ಸ್ರೆಬ್ರೆನಿತ್ಸಾ ಊರಿನ ಬಗ್ಗೆ ನಗಲು ನನ್ನ ಹತ್ತಿರ ಏನೂ ಇಲ್ಲ. ನಗೆ ಬರೋದು ಅದರ ನಂತರದ ಶಾಂತಿ ನೋಡಿದಾಗ.

ಶಾಂತಿ ಸಿಕ್ಕಿದ್ದು 1995ರಲ್ಲಿ, ಅಮೆರಿಕದ ಡೇಟನ್ ಊರಿನ ವಾಯುನೆಲೆಯೊಂದರಲ್ಲಿ. ಆ ಒಪ್ಪಂದದ 4ನೇ ಅನುಬಂಧವೇ ಇವತ್ತಿಗೂ ದೇಶದ ಸಂವಿಧಾನ. ಅದನ್ನು ಬರೆದದ್ದು ಇಂಗ್ಲಿಷಿನಲ್ಲಿ. ಮೂರು ಭಾಷೆಯ ಜಗಳಕ್ಕೆ ನಾಲ್ಕನೆಯ ಭಾಷೆಯಲ್ಲಿ ಪಂಚಾಯ್ತಿ. ಸುಮಾರು 35 ಲಕ್ಷ ಜನರಿಗೆ ಈಗ 14 ಸರ್ಕಾರ: ಕೇಂದ್ರ ಒಂದು, ಘಟಕ ಎರಡು, ಕ್ಯಾಂಟನ್ ಅನ್ನೋ ಪ್ರಾಂತ್ಯ ಹತ್ತು, ಬರ್ಚ್ಕೊ ಅನ್ನೋ ಜಿಲ್ಲೆಗೇ ಬೇರೆ ಒಂದು. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಅಂತಾರಲ್ವಾ, ಇಲ್ಲಿ ಹಾವಿಗೂ ಒಂದು ಖಾತೆ ಸಿಕ್ಕಿರಬೇಕು.

ಅಧ್ಯಕ್ಷರು ಮೂವರು. ಒಬ್ಬ ಬೋಸ್ನಿಯಾಕ್ (ಅಂದರೆ ಬೋಸ್ನಿಯಾದ ಮುಸ್ಲಿಂ), ಒಬ್ಬ ಕ್ರೊಯಾಟ್, ಒಬ್ಬ ಸರ್ಬ. ಮುಖ್ಯ ಕುರ್ಚಿ ಎಂಟೆಂಟು ತಿಂಗಳಿಗೆ ಒಬ್ಬರಿಂದ ಒಬ್ಬರಿಗೆ. ಈ ಮೂರರಲ್ಲಿ ಸೇರದವರಿಗೆ ಸಂವಿಧಾನ ಇಟ್ಟ ಹೆಸರು ‘ಇತರರು’. ಯಾಕೊಬ್ ಫಿಂಚಿ ಯಹೂದಿ, ಡೆರ್ವೊ ಸೇಯ್ಡಿಚ್ ರೋಮಾ ಜನಾಂಗದವರು. ಅಧ್ಯಕ್ಷ ಸ್ಥಾನಕ್ಕೆ ಇಬ್ಬರೂ ಅರ್ಜಿ ಹಾಕುವ ಹಾಗಿಲ್ಲ. ಫಿಂಚಿ ಸ್ವಿಟ್ಜರ್ಲೆಂಡಿನಲ್ಲಿ ಇದೇ ದೇಶದ ರಾಯಭಾರಿ ಆಗಿದ್ದವರು! ಪರದೇಶಕ್ಕೆ ಹೋಗಿ ‘ನಾನೇ ಬೋಸ್ನಿಯಾ’ ಅನ್ನಬಹುದು, ಮನೆಗೆ ಬಂದ ಕೂಡಲೇ ‘ಇತರರು’. ಇದು ಭೇದಭಾವ ಅಂತ 2009ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪನ್ನು ಎಲ್ಲರೂ ಗೌರವದಿಂದ ಕಪಾಟಿನಲ್ಲಿಟ್ಟರು.

ನಂಬರ್ ಪ್ಲೇಟಿನ ಕತೆ ಕೇಳಿ. ಪ್ಲೇಟು ನೋಡಿದರೆ ಕಾರು ಯಾವ ಕಡೆಯದು ಅಂತ ಗೊತ್ತಾಗುತ್ತಿತ್ತು, ಇನ್ನೊಂದು ಕಡೆಗೆ ಹೋಗಲು ಜನ ಹೆದರುತ್ತಿದ್ದರು. 1998ರಲ್ಲಿ ಹೊಸ ಪ್ಲೇಟು ಬಂತು. ಲ್ಯಾಟಿನ್ನಿನಲ್ಲೂ ಸಿರಿಲಿಕ್‌ನಲ್ಲೂ ಒಂದೇ ಥರ ಕಾಣುವ ಏಳು ಅಕ್ಷರ ಹುಡುಕಿದರು: ಎ, ಇ, ಜೆ, ಕೆ, ಎಂ, ಒ, ಟಿ. ಅಷ್ಟರಲ್ಲೇ ದೇಶದ ಎಲ್ಲ ಕಾರೂ ಓಡಬೇಕು. ನಿಜ ಹೇಳಬೇಕೆಂದರೆ ಇಡೀ ವ್ಯವಸ್ಥೆಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಇದೊಂದೇ. ರಾಷ್ಟ್ರಗೀತೆಗೆ ಆ ಏಳು ಅಕ್ಷರವೂ ದಕ್ಕಲಿಲ್ಲ. ರಾಗ ಇದೆ, ಸಾಹಿತ್ಯ ಇಲ್ಲ. ಆಟದ ಮೈದಾನದಲ್ಲಿ ಆಟಗಾರರು ಬಾಯಿ ಮುಚ್ಚಿಕೊಂಡು ದೇಶಭಕ್ತಿ ಮೆರೆಯಬೇಕು.

ಮಕ್ಕಳಿಗೆ ‘ಒಂದೇ ಸೂರಿನಡಿ ಎರಡು ಶಾಲೆ’. ಕಟ್ಟಡ ಒಂದೇ. ಬೋಸ್ನಿಯಾಕ್ ಮಕ್ಕಳಿಗೆ ಒಂದು ಬಾಗಿಲು, ಕ್ರೊಯಾಟ್ ಮಕ್ಕಳಿಗೆ ಇನ್ನೊಂದು, ಇಲ್ಲವಾದರೆ ಬೇರೆ ಬೇರೆ ಪಾಳಿ. ಇತಿಹಾಸದ ಪುಸ್ತಕವೂ ಬೇರೆ. ಟ್ರಾವ್ನಿಕ್‌ನ ಶಾಲೆಯ ಅಂಗಳದಲ್ಲಿ ನಡುವೆ ಬೇಲಿಯೇ ಇದೆ. ತಾತ್ಕಾಲಿಕ ಅಂತ ಶುರು ಮಾಡಿದ್ದು ಇದು. ಸೇಬು, ಪೇರುಹಣ್ಣು ಬೆರೆಸೋಕಾಗಲ್ಲ ಅಂತ 2007ರಲ್ಲಿ ಒಬ್ಬ ಶಿಕ್ಷಣ ಸಚಿವೆಯೇ ಸಮರ್ಥಿಸಿಕೊಂಡರು. ಯಾಯ್ಟ್ಸೆ ಊರಿನಲ್ಲಿ ಇನ್ನೊಂದು ಇಂಥ ಶಾಲೆ ಮಾಡಲು ಹೊರಟಾಗ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು, 2017ರಲ್ಲಿ ಆ ಯೋಜನೆ ಕೈಬಿಡಬೇಕಾಯಿತು. ಹಣ್ಣುಗಳಿಗೆ ಹಣ್ಣಂಗಡಿಯವರಿಗಿಂತ ಬುದ್ಧಿ ಜಾಸ್ತಿ ಇತ್ತು.

ಮೊಸ್ತಾರ್ ನಗರದಲ್ಲಿ ಯಾರ ಪ್ರತಿಮೆ ಇಟ್ಟರೂ ಇನ್ನೊಬ್ಬರಿಗೆ ಉರಿ. ಕೊನೆಗೆ 2005ರಲ್ಲಿ ಬ್ರೂಸ್ ಲೀ ಪ್ರತಿಮೆ ನಿಲ್ಲಿಸಿದರು. ಅವನನ್ನು ಕಂಡರೆ ಎಲ್ಲರಿಗೂ ಇಷ್ಟ, ಅವನು ಮೂವರಲ್ಲಿ ಯಾರ ಪೈಕಿಯೂ ಅಲ್ಲ. ಸಂವಿಧಾನದ ಲೆಕ್ಕದಲ್ಲಿ ಅವನೂ ‘ಇತರರು’. ಅವನಿಗೂ ಅಧ್ಯಕ್ಷನಾಗುವ ಯೋಗ ಇಲ್ಲ. ಅದೇ ಊರಿನಲ್ಲಿ ಮತಕ್ಷೇತ್ರದ ಜಗಳ ಬಗೆಹರಿಯದೆ 2008ರಿಂದ 2020ರವರೆಗೆ ಸ್ಥಳೀಯ ಚುನಾವಣೆಯೇ ನಡೆಯಲಿಲ್ಲ. ಪ್ರಜಾಪ್ರಭುತ್ವ ಬಂದು ಸೇರಿತ್ತು, ಓಟು ಮಾತ್ರ ದಾರಿಯಲ್ಲಿತ್ತು.

2013ರಲ್ಲಿ ಸರದಿ ಹಸುಗೂಸುಗಳದ್ದು. ಪ್ರತಿ ಪ್ರಜೆಗೂ 13 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಅದರಲ್ಲಿ ಎರಡು ಅಂಕಿ ಪ್ರದೇಶವನ್ನು ಹೇಳುತ್ತವೆ. ಆ ಪ್ರದೇಶಗಳ ಗೆರೆ ಎಲ್ಲಿ ಎಳೆಯಬೇಕು ಅಂತ ಸಂಸತ್ತಿನಲ್ಲಿ ಒಮ್ಮತ ಆಗಲಿಲ್ಲ. ಹಳೆಯ ಕಾನೂನು ಫೆಬ್ರವರಿಯಲ್ಲೇ ಬಿದ್ದುಹೋಗಿತ್ತು. ಹಾಗಾಗಿ ಹುಟ್ಟಿದ ಮಕ್ಕಳಿಗೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದ ಮೇಲೆ ಪಾಸ್‌ಪೋರ್ಟ್ ಇಲ್ಲ. ಚಿಕಿತ್ಸೆಗೆ ಹೊರದೇಶಕ್ಕೆ ಹೋಗಬೇಕಿದ್ದ ಒಂದು ಪುಟ್ಟ ಮಗು ಗಡಿ ದಾಟಲಾಗದೆ ಕೂತಿತು. ಆ ಮಗು ಇನ್ನೂ ಯಾವ ಭಾಷೆಯಲ್ಲೂ ಅಳುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಅಮ್ಮಂದಿರು ತಳ್ಳುಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸರಯೇವೊದ ಸಂಸತ್ ಭವನಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ. ಕೈಕೈ ಹಿಡಿದು ಕಟ್ಟಡದ ಸುತ್ತ ಸರಪಳಿ ಕಟ್ಟಿ ನಿಂತರು. ರಾತ್ರಿಯಾದರೂ ಒಳಗಿದ್ದ ಜನಪ್ರತಿನಿಧಿಗಳನ್ನು ಬಿಡಲಿಲ್ಲ. ಅವರಲ್ಲಿ ಬೋಸ್ನಿಯಾಕರು, ಸರ್ಬರು, ಕ್ರೊಯಾಟರು ಎಲ್ಲ ಇದ್ದರು. ಒಂದೇ ಸೂರಿನಡಿ, ಎಲ್ಲರಿಗೂ ಒಂದೇ ಮುಚ್ಚಿದ ಬಾಗಿಲು.