1992-93ರ ಮುಂಬೈ ಗಲಭೆ: ಕಾಣೆಯಾದವರ ಪರಿಹಾರ ಎಲ್ಲಿ ಸಿಕ್ಕಿಕೊಂಡಿದೆ?

ಈ ಗಲಭೆಯ ವಿಷಯದಲ್ಲಿ ಮುಂಬೈಗೂ ದಕ್ಷಿಣ ಆಫ್ರಿಕದಂಥ ಸತ್ಯ ಆಯೋಗ (ಹಿಂಸೆಗೆ ಸಿಕ್ಕವರ, ಹಿಂಸೆ ಮಾಡಿದವರ ಮಾತನ್ನು ಎಲ್ಲರೆದುರು ಕೇಳಿ ದಾಖಲಿಸುವ ಆಯೋಗ) ಬೇಕು ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಗಲಭೆಯ ತನಿಖೆಗೆಂದೇ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ 1998ರಲ್ಲೇ ವರದಿ ಕೊಟ್ಟಿದೆ; 900 ಜನ ಸತ್ತ ಲೆಕ್ಕವೂ ಅದರಲ್ಲಿದೆ. ನಿಂತುಹೋಗಿದ್ದು ಆಮೇಲಿನ ಕೆಲಸ. ಕಾಣೆಯಾದ 168 ಜನರಲ್ಲಿ 60 ಮಂದಿಯ ಮನೆಯವರಿಗಷ್ಟೇ ಪರಿಹಾರ ಸಿಕ್ಕಿತ್ತು. ಉಳಿದ 108 ಮಂದಿಯ ವಾರಸುದಾರರನ್ನು ಹುಡುಕಿ, ತಲಾ 2 ಲಕ್ಷ ರೂಪಾಯಿಗೆ 1999ರ ಜನವರಿಯಿಂದ ಶೇ. 9ರ ಬಡ್ಡಿ ಸೇರಿಸಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ನವೆಂಬರಿನಲ್ಲಿ. ಅಷ್ಟು ತಡ!

ಶವ ಸಿಗದಿದ್ದರೆ ಮರಣ ಪ್ರಮಾಣಪತ್ರ ಇಲ್ಲ, ಅದಿಲ್ಲದೆ ವಾರಸುದಾರಿಕೆ ಸಾಬೀತಾಗುವುದು ಕಷ್ಟ. ಏಳು ವರ್ಷ ಸುದ್ದಿಯಿಲ್ಲದವರು ಸತ್ತಿದ್ದಾರೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ತಾನಾಗಿ ಆಗುವುದಲ್ಲ, ಕೋರ್ಟಿನ ಮುಂದೆ ತೋರಿಸಬೇಕು. ಅಷ್ಟರಲ್ಲಿ ಅವರಿದ್ದ ಚಾಳು (ಸಾಲುಮನೆ) ಒಡೆದು ಟವರ್ ಎದ್ದಿರುತ್ತದೆ, ಹಳೆ ವಿಳಾಸಕ್ಕೆ ಹೋದ ನೋಟಿಸು ವಾಪಸ್. ನಾಪತ್ತೆ ದೂರಿನ ನಕಲಿನಲ್ಲೂ ರೇಷನ್ ಕಾರ್ಡಿನಲ್ಲೂ ಹೆಸರಿನ ಒಂದಕ್ಷರ ಬೇರೆಯಿದ್ದರೆ ಅಫಿಡವಿಟ್ ಬೇರೆ. ಮುಂಬೈಯ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ ಇಂಥ ಅರ್ಜಿ ಬರೆದುಕೊಡಲು ಕೂರಲಿ. ಹೆಂಗಸರಿಗೆ, ಜನಾಂಗೀಯ ಹಿಂಸೆಗೆ ಸಿಕ್ಕವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.