ವೇಗಮಿತಿ ಸೈಕಲ್ ಸವಾರರಿಗೂ ಬೇಕೇ?

ಪರ: ಆ 6 ಮೀಟರ್‌ಗಾಗಿ ಬೇಕು

ಗಂಟೆಗೆ 30 ಕಿ.ಮೀ. ವೇಗದ ಸೈಕಲ್ ಸೆಕೆಂಡಿಗೆ 8 ಮೀಟರ್‌ಗಿಂತ ತುಸು ಹೆಚ್ಚು ಓಡುತ್ತದೆ. ಮಗುವೊಂದು ರಸ್ತೆಗೆ ಇಳಿದದ್ದು ಕಣ್ಣಿಗೆ ಬಿದ್ದು, ಬೆರಳು ಬ್ರೇಕ್ ಅದುಮುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ರಸ್ತೆ ಒಣಗಿದ್ದು ಎರಡೂ ಬ್ರೇಕ್ ಚೆನ್ನಾಗಿದ್ದರೂ ಅಲ್ಲಿಂದ ನಿಲ್ಲಲು ಇನ್ನು 7 ಮೀಟರ್ ಬೇಕು. ಒಟ್ಟು 15. ಅದೇ 20ರ ವೇಗದಲ್ಲಾದರೆ 9 ಮೀಟರ್ ಒಳಗೇ ನಿಂತಿರುತ್ತದೆ. ವೇಗಮಿತಿ ಇರುವುದೇ ಈ 6 ಮೀಟರ್‌ಗಾಗಿ.

ಇನ್ನೂ ಬಿಗಿಯಾಗಿ ಬ್ರೇಕ್ ಹಿಡಿದರಾಯಿತು ಎನ್ನುವಂತಿಲ್ಲ. ಸೈಕಲ್ ಮೇಲೆ ಕೂತವರ ಭಾರ ಎತ್ತರದಲ್ಲಿರುತ್ತದೆ. ಎರಡು ಚಕ್ರಗಳ ನಡುವಿನ ಅಂತರವೋ ಒಂದು ಮೀಟರಿನ ಆಸುಪಾಸು. ಮುಂದಿನ ಬ್ರೇಕ್ ಹದ ಮೀರಿದರೆ ಹಿಂದಿನ ಚಕ್ರ ಎದ್ದು, ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾನೆ. ಹೆದರಿ ಹಿಂದಿನ ಬ್ರೇಕನ್ನೇ ನೆಚ್ಚಿಕೊಂಡರೆ ಚಕ್ರ ಕಚ್ಚಿಕೊಂಡು ಜಾರುತ್ತದೆ, ನಿಲ್ಲುವ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಾರಿಗೆ ಈ ಮಗುಚುವ ಭಯವಿಲ್ಲ. ಹಾಗಾಗಿ ಒಂದೇ ವೇಗದಲ್ಲಿ ಎರಡೂ ಬಂದರೆ ಕಾರೇ ಮೊದಲು ನಿಲ್ಲುತ್ತದೆ. ಮಳೆಯಲ್ಲಂತೂ ರಿಮ್ ಬ್ರೇಕಿನ ರಬ್ಬರ್ ಮೊದಲು ರಿಮ್ ಮೇಲಿನ ನೀರು ಒರೆಸಬೇಕು, ಹಿಡಿತ ಸಿಗುವುದು ಆಮೇಲೆ. ಅಷ್ಟರಲ್ಲಿ ಚಕ್ರ ಒಂದೆರಡು ಸುತ್ತು ಸುಮ್ಮನೆ ಉರುಳಿರುತ್ತದೆ. 700ಸಿ ಎಂಬ ಸಾಮಾನ್ಯ ಅಳತೆಯ ಚಕ್ರದ ಒಂದು ಸುತ್ತೆಂದರೆ 2.1 ಮೀಟರ್. ಡಿಸ್ಕ್ ಬ್ರೇಕಿಗೆ ನೀರಿನ ಕಾಟ ಕಡಿಮೆ, ಮಗುಚುವ ಮಿತಿ ಮಾತ್ರ ಅದಕ್ಕೂ ಅಷ್ಟೇ.

ಕಾನೂನು ಇದನ್ನು ಅಲ್ಲಲ್ಲಿ ಅರ್ಧ ಒಪ್ಪಿದೆ. ಜರ್ಮನಿಯಲ್ಲಿ ಊರೊಳಗಿನ 50 ಕಿ.ಮೀ. ಸಾಮಾನ್ಯ ಮಿತಿ ಮೋಟಾರು ವಾಹನಗಳಿಗೆ ಮಾತ್ರ. ಆದರೆ ಕೆಂಪು ವೃತ್ತದೊಳಗೆ 30 ಎಂದು ಬರೆದ ಫಲಕ ನೆಟ್ಟಲ್ಲಿ ಸೈಕಲ್ ಸಹ 30 ದಾಟುವಂತಿಲ್ಲ. ಬ್ರಿಟನ್ನಿನಲ್ಲಿ ವೇಗಮಿತಿ ಸೈಕಲ್ಲನ್ನು ಮುಟ್ಟುವುದೇ ಇಲ್ಲ. ಸೈಕಲ್ ಗುದ್ದಿ ದೊಡ್ಡ ಅನಾಹುತವಾದಾಗ ಅಲ್ಲಿ ಕುದುರೆಗಾಡಿಗಳ ಕಾಲದ, 1861ರ ಕಾಯ್ದೆಯನ್ನು ಹುಡುಕಿ ತೆಗೆಯಬೇಕಾಗಿ ಬಂದಿದೆ. ಪೆಟ್ಟು ಬಿದ್ದ ಮೇಲೆ ಎಚ್ಚರಗೊಳ್ಳುವ ಕಾನೂನು ಯಾರನ್ನು ಕಾದೀತು?

ಸೈಕಲ್ಲಿಗೆ ವೇಗಮಾಪಕ ಇಲ್ಲ ಎಂಬ ಮಾತು ಪ್ರತಿ ಸಲವೂ ಬರುತ್ತದೆ. ವೇಗ ಗೊತ್ತಾಗದವರು ನಿಧಾನವಾಗಿ ಹೋಗಲಿ. ಇಳಿಜಾರಿನಲ್ಲಿ ತುಳಿಯದೆಯೇ 45 ಮುಟ್ಟಿದವರಿಗೆ ತಮ್ಮ ವೇಗದ ಅರಿವೇ ಇರಲಿಲ್ಲ ಎಂದರೆ ನಾನು ನಂಬಲಾರೆ. ಸೈಕಲ್ ಕಾರಿನಷ್ಟು ಜನರನ್ನು ಕೊಲ್ಲುವುದಿಲ್ಲ ಎಂಬುದು ಇನ್ನೊಂದು ವಾದ. ಕಡಿಮೆ ಕೊಲ್ಲುತ್ತೇವೆ, ಆದ್ದರಿಂದ ನಮ್ಮನ್ನು ಬಿಟ್ಟುಬಿಡಿ ಎಂದು ಕೇಳಿದಂತಾಯಿತು ಅದು. ಆ 6 ಮೀಟರ್ ಒಳಗೆ ನಿಂತಿರುವ, ಕಿವಿ ಮಂದವಾದ ಹಿರಿಯರಿಗೆ ಇದನ್ನು ಹೇಳಿ ಬರಲಿ.

ವಿರೋಧ: ಸವಾರನಿಗೆ ಕಾಣದ ಅಂಕಿಗೆ ದಂಡ ಬೇಡ

ವಿರೋಧದ ಪಕ್ಷ ನನ್ನ ಪಾಲಿಗೆ ಬಂದಿದೆ. ರಸ್ತೆಯ ತನ್ನ ಬದಿಯಲ್ಲೇ ಸಾಗುವುದು, ರಾತ್ರಿ ದೀಪ ಹಚ್ಚುವುದು, ಏಕಮುಖ ರಸ್ತೆಯಲ್ಲಿ ಎದುರು ನುಗ್ಗದಿರುವುದು, ಇವೆಲ್ಲ ಸೈಕಲ್ಲಿಗೂ ಇರಲಿ. ಅಲ್ಲಿ ನನ್ನ ತಕರಾರಿಲ್ಲ. ವೇಗದ ಅಂಕಿಯನ್ನು ಮಾತ್ರ ಒಪ್ಪುವುದು ಕಷ್ಟ.

ಸವಾರನೂ ಸೇರಿ 85 ಕೆ.ಜಿ. ತೂಗುವ ಸೈಕಲ್ 30ರ ವೇಗದಲ್ಲಿ ಹೊತ್ತು ತರುವ ಶಕ್ತಿ ಸುಮಾರು 3,000 ಜೂಲ್. 1,200 ಕೆ.ಜಿ. ಕಾರು 50ರಲ್ಲಿ ತರುವುದು 1,15,000 ಜೂಲ್‌ಗೂ ಮೇಲೆ. ಫಲಕದ ಮೇಲಿನ ಅಂಕಿಯನ್ನು ಗೊತ್ತುಮಾಡಿದ್ದು ಈ ಎರಡನೆಯದನ್ನು ಹದ್ದಿನಲ್ಲಿಡಲು.

ರಸ್ತೆ ಸಂಚಾರದ 1968ರ ವಿಯೆನ್ನಾ ಒಪ್ಪಂದ ಸೈಕಲ್ಲಿನಲ್ಲಿ ಬ್ರೇಕ್, ಗಂಟೆ, ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆನ್ನುತ್ತದೆ, ವೇಗಮಾಪಕವನ್ನು ಕೇಳುವುದಿಲ್ಲ. ಸ್ವಂತಕ್ಕೆ ಹಾಕಿಸಿಕೊಂಡ ಮೀಟರನ್ನೂ ಪೂರ್ತಿ ನಂಬುವ ಹಾಗಿಲ್ಲ. ಸ್ಪೋಕ್ ಕಡ್ಡಿಗೆ ಕಟ್ಟಿದ ಅಯಸ್ಕಾಂತ ಸೆನ್ಸರ್ ಮುಂದೆ ಎಷ್ಟು ಸಲ ಹಾದುಹೋಯಿತೆಂದು ಅದು ಎಣಿಸುತ್ತದೆ, ನಾವು ತುಂಬಿದ ಸುತ್ತಳತೆಯಿಂದ ಗುಣಿಸುತ್ತದೆ. 2,105 ಮಿ.ಮೀ. ಇರುವಲ್ಲಿ 2,000 ಎಂದು ತುಂಬಿದರೆ 30ರ ವೇಗ 28.5 ಎಂದು ಕಾಣುತ್ತದೆ. ಅಯಸ್ಕಾಂತ ಸರಿದುಹೋದರೆ ಸೊನ್ನೆ.

ಸಿಗ್ನಲ್ ಮತ್ತು ‘ನಿಲ್ಲಿ’ ಫಲಕಗಳಿಗೂ ಬೇರೆ ಲೆಕ್ಕ ಸಾಧ್ಯ. ಅಮೆರಿಕದ ಇಡಾಹೊ ರಾಜ್ಯದಲ್ಲಿ 1982ರಿಂದಲೂ ಸೈಕಲ್ ಸವಾರರು ‘ನಿಲ್ಲಿ’ ಫಲಕದ ಬಳಿ ನಿಧಾನಿಸಿ, ಇತರರಿಗೆ ದಾರಿ ಬಿಟ್ಟು, ಕಾಲೂರದೆ ಮುಂದೆ ಹೋಗಬಹುದು. ನಿಂತ ಸೈಕಲ್ ಮತ್ತೆ ಹೊರಡುವ ಮೊದಲ ಎರಡು ಮೂರು ತುಳಿತದಲ್ಲೇ ಹೆಚ್ಚು ಓಲಾಡುವುದು.

ಜನ ದಟ್ಟವಾಗಿರುವ ದಾರಿಯಲ್ಲಿ ‘ನಡಿಗೆಯ ವೇಗ’ ಎಂದು ಬರೆದರೆ ಮೀಟರ್ ಇಲ್ಲದವರೂ ಪಾಲಿಸಬಲ್ಲರು. ಮಳೆಯ ಬಗ್ಗೆ ಎದುರಿನವರು ಹೇಳಿದ್ದು ನಿಜ. ಅದಕ್ಕೆ ಮದ್ದು, ಬ್ರೇಕ್ ರಬ್ಬರಿನ ಗೀರುಗಳು ಸವೆದು ಮಾಯವಾಗುವ ಮೊದಲೇ ಅದನ್ನು ಬದಲಿಸುವುದು, ತೋಯ್ದ ರಿಮ್ಮಿಗೆ ಅಡ್ಡರಸ್ತೆ ಬರುವ ಮುಂಚೆಯೇ ಹಗುರಾಗಿ ಬ್ರೇಕ್ ತಾಗಿಸಿ ನೀರು ಒರೆಸಿಟ್ಟುಕೊಳ್ಳುವುದು.